ಶಶಿಕುಮಾರನ ಮನೆಯ ಸುಂದ್ರಮ್ಮ

ಗುಂಡ್ಲುಪೇಟೆಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ಶಶಿಕುಮಾರನಿಗೆ ಬದುಕಿನಲ್ಲಿ ಎರಡೇ ಆಸೆ. ಒಂದು, ಮದುವೆಯಾಗಬೇಕು. ಇನ್ನೊಂದು, ತಾನೇ ಕಟ್ಟಿದ ‘ಬೆಟ್ಟದ ಮಂಜು’ ಎಂಬ ಗಿಟಾರ್ ರಾಗವನ್ನು ರೆಕಾರ್ಡು ಮಾಡಿ ಲೋಕಕ್ಕೆ ಬಿಡಬೇಕು. ಮೊದಲನೆಯದಕ್ಕೆ ಹೆಣ್ಣು ಸಿಗುತ್ತಿರಲಿಲ್ಲ, ಎರಡನೆಯದಕ್ಕೆ ಸ್ವರ ಸಿಗುತ್ತಿರಲಿಲ್ಲ.

ಹೆಣ್ಣಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಈಗೀಗ ಗಂಡಿಗೆ ಹೆಣ್ಣು ಸಿಗುವುದೆಂದರೆ ಬಂಡೀಪುರದ ಸಫಾರಿಯಲ್ಲಿ ಹುಲಿ ಕಂಡ ಹಾಗೆ. ಕಂಡವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ಮಿಕ್ಕವರು ಜೀಪಿನ ಧೂಳು ಕುಡಿದು ವಾಪಸು ಬರುತ್ತಾರೆ. ಶಶಿಕುಮಾರ ಬೇಕಾದಷ್ಟು ಧೂಳು ಕುಡಿದ ಮೇಲೆ, ಚಂದಕವಾಡಿಗೆ ಮದುವೆಯಾಗಿ ಹೋಗಿದ್ದ ಅವನ ಅಕ್ಕ ಭಾನು ಒಂದು ಸಂಬಂಧ ಹುಡುಕಿದಳು. ಹುಡುಗಿಯ ಹೆಸರು ಭವ್ಯ, ಚಾಮರಾಜನಗರದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಹುಡುಗ ಹೋಗಿ ಹುಡುಗಿಯನ್ನು ನೋಡಿದ್ದಾಯಿತು, ಉಪ್ಪಿಟ್ಟು ತಿಂದದ್ದಾಯಿತು, ಹುಡುಗಿ ‘ಆಗಬಹುದು’ ಎಂದದ್ದೂ ಆಯಿತು. ಆ ದಿನ ಶಶಿಕುಮಾರ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಊರಿಗೆ ಬಂದ.

ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡುವ ಶಾಸ್ತ್ರ. ಅದಕ್ಕೂ ಮುಂಚೆ ಯಾರಿಗೂ ಗೊತ್ತಾಗದ ಹಾಗೆ ಒಬ್ಬರು ಬಂದು, ಬೀದಿಯಲ್ಲಿ ಹುಡುಗನ ನಡತೆ ವಿಚಾರಿಸಿಕೊಂಡು ಹೋಗುತ್ತಾರೆ. ಇದು ಜಿಲ್ಲೆಗೆಲ್ಲ ಗೊತ್ತಿರುವ ಗುಟ್ಟು. ಭಾನು ಫೋನಿನಲ್ಲಿ ತಮ್ಮನಿಗೆ ಎಚ್ಚರಿಕೆ ಕೊಟ್ಟಳು.

“ನೋಡ್ಲಾ, ಅವ್ರು ಬಂದು ಮನೆ ನೋಡೋಗಂಟ ತಲೆ ತಗ್ಗಿಸ್ಕಂಡು ಬುದ್ವಂತನಂಗಿರು. ಈ ಹೆಣ್ಣು ಕೈ ತಪ್ಪೋದ್ರೆ ಇನ್ನೊಂದ ಹುಡ್ಕಕ್ಕೆ ನನ್ ಕೈಲಾಗಲ್ಲ ಕಣ. ಆ ತಂತಿ ಕೆರೆಯೋದ ಅತ್ಲಾಗಿ ಮಡಗು.”

“ಮಡಗ್ತೀನಿ ಬುಡಕ್ಕ,” ಎಂದ ಶಶಿಕುಮಾರ, ತಂತಿ ಕೆರೆಯುತ್ತಲೇ.

ಈಗ ಸ್ವರದ ವಿಷಯ. ‘ಬೆಟ್ಟದ ಮಂಜು’ ನಿಧಾನವಾಗಿ ಶುರುವಾಗಿ, ಚೆನ್ನಾಗಿಯೇ ಮೇಲಕ್ಕೆ ಹತ್ತುತ್ತಿತ್ತು. ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಒಂದು ಸ್ವರ ‘ಟೊಯ್ಂಕ್’ ಎಂದು ಜಾರಿ ಪಕ್ಕದ ಮನೆಗೆ ಹೋಗಿ ಬೀಳುತ್ತಿತ್ತು. ಪ್ರತಿ ಸಲವೂ, ಅದೇ ಜಾಗದಲ್ಲಿ. ಕೇಳಿದವರೆಲ್ಲ ಬೆರಳು ತಪ್ಪಿತು ಎಂದರು. ಶಶಿಕುಮಾರ ಒಪ್ಪಲಿಲ್ಲ. ಅವನ ಪ್ರಕಾರ ಬೆರಳು ನುಡಿಸಿದ್ದು ಸರಿಯಾಗಿಯೇ ಇರುತ್ತದೆ, ದಾರಿಯಲ್ಲಿ ಕೆಡುತ್ತದೆ. ಮೊದಲು ತಂತಿ ಬದಲಾಯಿಸಿದ. ಆಮೇಲೆ ವೈರು ಬದಲಾಯಿಸಿದ. ಕೊನೆಗೆ ಗುಂಡ್ಲುಪೇಟೆಯ ಕರೆಂಟಿನಲ್ಲೇ ಏನೋ ಐಬಿದೆ ಎಂಬ ತೀರ್ಮಾನಕ್ಕೆ ಬಂದು ಲೈನ್‌ಮನ್ ಒಬ್ಬನನ್ನು ದಾರಿಯಲ್ಲಿ ತಡೆದು ಕೇಳಿದ. ಲೈನ್‌ಮನ್ ಅವನ ಬಾಯಿ ವಾಸನೆ ನೋಡಿ, ಏನೂ ಬರಲಿಲ್ಲವಾಗಿ ಇನ್ನಷ್ಟು ಹೆದರಿ ಹೊರಟುಹೋದ.

ಹೀಗಿರುವಾಗ ಶಶಿಕುಮಾರ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಗಿಟಾರಿನಿಂದ ಬರುವ ಸಿಗ್ನಲ್ಲನ್ನು ಒಂದು ಡಬ್ಬಿಗೆ ಕೊಡುವುದು. ಡಬ್ಬಿ ಅದನ್ನು ಎರಡಾಗಿ ಒಡೆಯುತ್ತದೆ. ಒಂದು ಪಾಲು ಆಂಪ್ಲಿಫೈಯರಿಗೆ ಹೋಗಿ ಸದ್ದು ಮಾಡುತ್ತದೆ, ಇನ್ನೊಂದು ಪಾಲು ಹಸಿಹಸಿಯಾಗಿ ಲ್ಯಾಪ್‌ಟಾಪಿಗೆ ಹೋಗಿ ಕೂರುತ್ತದೆ. ಆಮೇಲೆ ಬೇಕೆಂದಾಗ ಲ್ಯಾಪ್‌ಟಾಪಿನಲ್ಲಿರುವುದನ್ನು ಅದೇ ಡಬ್ಬಿಯ ಮೂಲಕ ಆಂಪ್ಲಿಫೈಯರಿಗೆ ವಾಪಸು ಬಿಟ್ಟರೆ, ಗಿಟಾರ್ ಮುಟ್ಟದೆಯೇ ಗಿಟಾರ್ ನುಡಿಯುತ್ತದೆ. ಆಂಪ್ಲಿಫೈಯರಿನ ಗುಬ್ಬಿಗಳನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ನಾದವನ್ನು ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದು. ಶಶಿಕುಮಾರ ತೊಡೆ ತಟ್ಟಿಕೊಂಡ. ಕೆಡುವ ಮುಂಚೆಯೇ ಸ್ವರವನ್ನು ಹಿಡಿದಿಟ್ಟರೆ ಕಳ್ಳ ಎಲ್ಲಿದ್ದಾನೆಂದು ಗೊತ್ತಾಗುತ್ತದಲ್ಲ!

ಅಂಗಡಿ ಬೀದಿಯಲ್ಲಿ ಮೈಕ್‌ಸೆಟ್ ರಿಪೇರಿ ಮಾಡುವ ಮಕ್ಸೂದ್ ಅವನ ಗೆಳೆಯ. ಇಬ್ಬರೂ ಸೇರಿ ಹಳೇ ಮೈಕ್‌ಸೆಟ್ಟುಗಳಿಂದ ಸಣ್ಣ ಟ್ರಾನ್ಸ್‌ಫಾರ್ಮರುಗಳನ್ನು ಕಿತ್ತು, ಬೆಸುಗೆ ಹಾಕಿ, ಒಂದು ಸೋಪಿನ ಡಬ್ಬಿಯಲ್ಲಿ ಜೋಡಿಸಿದರು. ಗುಯ್ಯ್ ಎಂದು ಒಂದೇ ಸಮ ಶಬ್ದ ಬಂತು.

“ಪ್ಲಾಸ್ಟಿಕ್ ಆಗಲ್ಲ ಶಶಿ,” ಎಂದ ಮಕ್ಸೂದ್. “ಸುತ್ತ ಇರೋ ಕರೆಂಟ್ ಸದ್ದೆಲ್ಲ ಒಳಗೆ ನುಗ್ತಾ ಐತೆ. ಲೋಹದ್ದು ತಗೊಂಬಾ. ಗಟ್ಟಿ ಮುಚ್ಚಳ ಇರ್ಬೇಕು.”

ಶಶಿಕುಮಾರನ ಅಡುಗೆಮನೆಯಲ್ಲಿ ಲೋಹದ್ದೆಂದರೆ, ಅಕ್ಕ ಸಾರಿನಪುಡಿ ತುಂಬಿಸಿ ಕಳಿಸಿದ್ದ ಸ್ಟೀಲ್ ಡಬ್ಬಿ. ಅದರ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ‘ಸುಂದ್ರಮ್ಮ’ ಎಂದು ಹೆಸರು ಕೆತ್ತಿತ್ತು. ಮದುವೆ ಮನೆಗೆ ಸ್ಟೀಲ್ ಸಾಮಾನು ಉಡುಗೊರೆ ಕೊಡುವವರು ತಮ್ಮ ಹೆಸರು ಕೆತ್ತಿಸಿಯೇ ಕೊಡುತ್ತಾರಷ್ಟೆ. ಆ ಸಾಮಾನು ಕೈಯಿಂದ ಕೈಗೆ, ಮನೆಯಿಂದ ಮನೆಗೆ ಹೋಗುತ್ತಾ, ಕೊನೆಗೆ ಎಲ್ಲರ ಅಡುಗೆಮನೆಯಲ್ಲೂ ಯಾರೆಂದೇ ಗೊತ್ತಿಲ್ಲದ ನಾಲ್ಕಾರು ಜನ ಸಂಸಾರ ಹೂಡಿರುತ್ತಾರೆ. ಈ ಸುಂದ್ರಮ್ಮ ಯಾರೆಂದು ಭಾನುವಿಗೂ ಗೊತ್ತಿರಲಿಲ್ಲ. ಮಕ್ಸೂದ್ ಅವಳ ಹೊಟ್ಟೆಗೆ ತೂತು ಕೊರೆದು, ಜ್ಯಾಕು, ಸ್ವಿಚ್ಚು, ವಾಲ್ಯೂಮ್ ಗುಬ್ಬಿ ಎಲ್ಲ ಕೂರಿಸಿದ. ಗುಯ್ಯ್ ಎನ್ನುವುದು ಮುಕ್ಕಾಲು ಪಾಲು ಕಡಿಮೆಯಾಯಿತು. ಅಂದಿನಿಂದ ಇಬ್ಬರಿಗೂ ಡಬ್ಬಿಯ ಹೆಸರೇ ಸುಂದ್ರಮ್ಮ.

ಶಶಿಕುಮಾರ ಇದ್ದದ್ದು ಮಹಡಿಯ ಬಾಡಿಗೆ ಮನೆಯಲ್ಲಿ. ಕೆಳಗೆ ಮನೆಯ ಯಜಮಾನರು ಮಲ್ಲಿಕಾರ್ಜುನಸ್ವಾಮಿ, ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು. ಅವರು ದಿನಾ ಬೆಳಿಗ್ಗೆ ಪೇಪರ್ ಓದುವಾಗ ಮೇಲಿನಿಂದ ಫೋನಿನ ಮಾತು ಕೇಳುತ್ತಿತ್ತು.

“ಸುಂದ್ರಮ್ಮ ಇವತ್ತು ಪರವಾಗಿಲ್ಲ ಮಕ್ಸೂದಣ್ಣ. ನೆನ್ನೆ ಬಾಳ ಗಲಾಟೆ ಮಾಡುದ್ಲು.”

ಮಲ್ಲಿಕಾರ್ಜುನಸ್ವಾಮಿ ಪೇಪರ್ ಮಡಿಸಿದರು. ಮನೆ ಬಾಡಿಗೆಗೆ ಕೊಟ್ಟದ್ದು ಒಂಟಿ ಗಂಡಸಿಗೆ. ಈ ಸುಂದ್ರಮ್ಮ ಎಲ್ಲಿಂದ ಬಂದಳು?

ಒಂದು ಭಾನುವಾರ ಸಂಜೆ ಶಶಿಕುಮಾರನಿಗೆ ಒಂದು ಯೋಚನೆ ಬಂತು. ಗಿಟಾರ್ ನುಡಿಸುವವನಿಗೆ ತನ್ನ ನಾದ ಬೀದಿಯಲ್ಲಿ ನಿಂತವರಿಗೆ ಹೇಗೆ ಕೇಳುತ್ತದೆಂದು ಎಂದೂ ಗೊತ್ತಾಗುವುದಿಲ್ಲ. ಸುಂದ್ರಮ್ಮನಿಂದ ಅದೂ ಸಾಧ್ಯವಾಗಿತ್ತು. ರೆಕಾರ್ಡು ಮಾಡಿದ್ದನ್ನು ಮತ್ತೆ ಮತ್ತೆ ಬರುವ ಹಾಗೆ ಹಚ್ಚಿ, ಬಾಗಿಲು ಮುಂದೆಳೆದು, ಕೆಳಗಿಳಿದು ಎದುರಿನ ರಾಜಣ್ಣನ ಟೀ ಅಂಗಡಿಯಲ್ಲಿ ಒಂದು ಗ್ಲಾಸು ಟೀ ಹಿಡಿದು ನಿಂತ. ಮೇಲಿನಿಂದ ‘ಬೆಟ್ಟದ ಮಂಜು’ ತೇಲಿಬಂತು. ಪಕ್ಕದಲ್ಲಿ ಮಲ್ಲಿಕಾರ್ಜುನಸ್ವಾಮಿ ನಿಂತಿದ್ದರು.

“ಚೆನ್ನಾಗದಾ ಸಾ?” ಎಂದ ಶಶಿಕುಮಾರ.

“ಯಾರಪ್ಪ ಅದು ನುಡಿಸ್ತಿರೋದು?”

“ನಾನೇ ಸಾ.”

ಮಲ್ಲಿಕಾರ್ಜುನಸ್ವಾಮಿ ಅವನ ಎರಡೂ ಕೈ ನೋಡಿದರು. ಒಂದರಲ್ಲಿ ಟೀ ಗ್ಲಾಸಿತ್ತು, ಇನ್ನೊಂದು ಬೆನ್ನು ಕೆರೆದುಕೊಳ್ಳುತ್ತಿತ್ತು. ಸರ್ವೀಸಿನಲ್ಲಿ ಅವರು ಎಂಥೆಂಥ ಸುಳ್ಳು ಕೇಳಿದ್ದರು. ಪಕ್ಕದವನ ಹೊಲದಲ್ಲಿ ನಿಂತು ಇದು ನಂದೇ ಎಂದವರಿದ್ದರು. ಬದುಕಿರುವ ಅಪ್ಪನನ್ನು ತೀರಿಕೊಂಡ ಎಂದು ಬರೆಸಲು ಬಂದವರಿದ್ದರು. ಇಷ್ಟು ತಣ್ಣಗೆ ಹೇಳಿದವರನ್ನು ಮಾತ್ರ ಕಂಡಿರಲಿಲ್ಲ.

“ನೀನು ಇಲ್ಲಿದ್ದೀಯಲ್ಲಪ್ಪ?”

“ಇಲ್ಲಿರದೂ ನಾನೇ, ಅಲ್ಲಿ ನುಡಿಸ್ತಿರದೂ ನಾನೇ. ಎಲ್ಲ ಸುಂದ್ರಮ್ಮನಿಂದ ಸಾ.”

ಅಷ್ಟರಲ್ಲಿ ಮೇಲೆ ರಾಗ ತುದಿ ಹತ್ತಿ, ‘ಟೊಯ್ಂಕ್’ ಎಂದು ಜಾರಿತು. ಟೀ ಸೋಸುತ್ತಿದ್ದ ರಾಜಣ್ಣ ಹಲ್ಲು ಕಚ್ಚಿಕೊಂಡ. ಶಶಿಕುಮಾರನ ಮುಖ ಸಣ್ಣದಾಯಿತು.

“ಆ ತಪ್ಪು ನಂದಲ್ಲ ಸಾ, ಸುಂದ್ರಮ್ಮಂದು,” ಎಂದು ಹೇಳಿ ಸರಸರನೆ ಮೆಟ್ಟಿಲು ಹತ್ತಿದ.

ಅಲ್ಲಿಗೆ ವಿಷಯ ಬೀದಿಗೆ ಬಂತು. ನಮ್ಮ ಜನ ದೊಡ್ಡ ಮನಸ್ಸಿನವರು, ಎದುರಿಗೆ ಯಾರೂ ಏನೂ ಕೇಳಲಿಲ್ಲ. ಒಂದು ಟೀ ಪಾರ್ಸೆಲ್ ಕೇಳಿದರೆ ರಾಜಣ್ಣ ಎರಡು ಕಟ್ಟಿಕೊಡತೊಡಗಿದ. ತನ್ನ ಮೇಲಿನ ಅಭಿಮಾನ ಎಂದುಕೊಂಡು ಶಶಿಕುಮಾರ ಎರಡನ್ನೂ ಕುಡಿದ. ಯಜಮಾನರ ಹೆಂಡತಿ ಶುಕ್ರವಾರ ಒಂದು ಮೊಳ ಮಲ್ಲಿಗೆ ಕಳಿಸಿ, “ಮನೇಲಿಟ್ಕೊಳಪ್ಪ,” ಎಂದರು. ಶಶಿಕುಮಾರ ಅದನ್ನು ಗಿಟಾರಿನ ತಲೆಗೆ ಸುತ್ತಿ ಕೈಮುಗಿದ. ಕಿಟಕಿಯಲ್ಲಿ ಮಲ್ಲಿಗೆಯ ತುದಿ ಕಂಡ ಎದುರುಮನೆಯವರಿಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು.

ಸರಿಯಾಗಿ ಆ ವಾರವೇ ಹಂಗಳದಿಂದ ಪುಟ್ಟಮಾದು ಬಂದ. ಈತ ಭವ್ಯಳ ಸೋದರಮಾವ. ಇಸ್ತ್ರಿ ಹಾಕಿದ ಬಿಳಿ ಪಂಚೆ, ಹೊಸ ಚಪ್ಪಲಿ. ಬಾಡಿಗೆ ಮನೆ ಹುಡುಕುವವನ ವೇಷ. ರಾಜಣ್ಣ ಟೀ ಕೊಡುತ್ತಲೇ, “ಹೆಣ್ಣಿನ ಕಡೆಯವ್ರಾ?” ಎಂದ. ಪುಟ್ಟಮಾದು ಅಲ್ಲ ಎಂದ. “ಹಂಗಾರೆ ಸಕ್ರೆ ಕಡ್ಮೆ ಹಾಕ್ತೀನಿ,” ಎಂದ ರಾಜಣ್ಣ. ಪುಟ್ಟಮಾದು ಹೌದು ಎಂದ.

ರಾಜಣ್ಣ ಅವನನ್ನು ಮಲ್ಲಿಕಾರ್ಜುನಸ್ವಾಮಿಯವರ ಹತ್ತಿರ ಕಳಿಸಿದ. ಅವರಿಗೆ ಧರ್ಮಸಂಕಟ. ಮದುವೆ ಕೆಡಿಸಿದ ಪಾಪ ಬೇಡ, ಸುಳ್ಳು ಹೇಳಿದ ಪಾಪವೂ ಬೇಡ.

“ಹುಡುಗ ಚಿನ್ನ. ಕುಡಿಯೋದಿಲ್ಲ, ಸೇದೋದಿಲ್ಲ, ಒಂದು ದಿನ ಜೋರು ಮಾತಾಡಿದವನಲ್ಲ,” ಎಂದು ಶುರುಮಾಡಿ, ಕೆಮ್ಮಿ, “ಮನೇಲಿ ಸುಂದ್ರಮ್ಮ ಒಬ್ಬಳು ಇದ್ದಾಳೆ, ಅಷ್ಟೆ,” ಎಂದು ಮುಗಿಸಿದರು.

“ಯಾವ ಸುಂದ್ರಮ್ಮ?”

“ನಾನು ಕಣ್ಣಲ್ಲಿ ನೋಡಿಲ್ಲ. ಕಿವಿಯಲ್ಲಿ ಮಾತ್ರ ಕೇಳಿದ್ದೀನಿ. ಗಿಟಾರ್ ನುಡಿಸ್ತಾಳೆ. ಒಂದು ಕಡೆ ಬಿಟ್ಟರೆ ಮಿಕ್ಕಿದ್ದೆಲ್ಲ ಚೆನ್ನಾಗೇ ನುಡಿಸ್ತಾಳೆ.”

ಪುಟ್ಟಮಾದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಆದರೂ ನ್ಯಾಯವಂತ ಮನುಷ್ಯ, ಹುಡುಗನ ಗೆಳೆಯನನ್ನೂ ಒಂದು ಮಾತು ಕೇಳೋಣ ಎಂದು ಮಕ್ಸೂದನ ಅಂಗಡಿಗೆ ಹೋದ. ಮಕ್ಸೂದ್ ಒಂದು ದೊಡ್ಡ ಹಾರ್ನ್ ಸ್ಪೀಕರಿನೊಳಗೆ ತಲೆ ತೂರಿಸಿ ಕೆಲಸ ಮಾಡುತ್ತಿದ್ದ. ತಲೆ ಹೊರಗೆ ತೆಗೆಯದೆಯೇ ಉತ್ತರ ಕೊಟ್ಟ.

“ಸುಂದ್ರಮ್ಮನಾ? ಗೊತ್ತಿಲ್ದೆ ಏನಣ್ಣ! ಮೊದ್ಲು ನಮ್ಮ ಅಂಗಡೀಲೇ ಇದ್ಲು. ಶಶಿಗೆ ಅವಳಂದ್ರೆ ಪ್ರಾಣ. ಆಫೀಸಿಂದ ಬಂದೋನು ಅವಳ ಮುಂದೆ ಕೂತ್ರೆ ಊಟಾನೂ ಮರೀತಾನೆ.”

“ಮತ್ತೆ... ಮದ್ವೆ ಆದ್ಮೇಕೆ ಅವಳ್ನ ಏನ್ ಮಾಡ್ತಾನಂತೆ?”

“ಏನ್ ಮಾಡ್ತಾನೆ? ಬೀರು ಮೇಲೆ ಇಡ್ತಾನೆ.”

ಪುಟ್ಟಮಾದು ಮುಂದಕ್ಕೆ ಕೇಳಲಿಲ್ಲ. ಹೊಸ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದನೆಂದು ರಾಜಣ್ಣ ಇಂದಿಗೂ ಹೇಳುತ್ತಾನೆ.

ಪುಟ್ಟಮಾದುವಿನ ತಾಯಿ, ಅಂದರೆ ಭವ್ಯಳ ಅಜ್ಜಿ, ದೊಡ್ಡಮಲ್ಲಮ್ಮ. ಆ ಮನೆಯಲ್ಲಿ ಅವಳು ಹೇಳಿದ್ದೇ ಆಗುವುದು. ಎಲ್ಲವನ್ನೂ ಕೇಳಿ, “ಸಂಬಂಧ ಬ್ಯಾಡ, ಬುಟ್ಬುಡಿ,” ಎಂದಳು. ಭವ್ಯ ಮಾತ್ರ ಒಪ್ಪಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳಿಗೆ ಯಾರ ಮಾತನ್ನೂ ಸುಮ್ಮನೆ ನಂಬುವ ಅಭ್ಯಾಸವಿರಲಿಲ್ಲ.

“ಯಾರಾದ್ರೂ ಸುಂದ್ರಮ್ಮನ ಕಣ್ಣಲ್ಲಿ ನೋಡಿದ್ದಾರಾ ಮಾವ? ಇಲ್ಲ ತಾನೆ? ಮನೆ ನೋಡಕ್ಕೆ ಹೋಗೋಣ. ನಾನೂ ಬರ್ತೀನಿ. ನಿಜವಾಗ್ಲೂ ಇದ್ರೆ ಅವರ ಮುಖಕ್ಕೇ ಬೇಡ ಅಂತ ಹೇಳಿ ಬರ್ತೀನಿ.” ಹೀಗೆಂದಳೇ ಹೊರತು ಅವಳಿಗೂ ಒಳಗೆ ದುಃಖವಾಗಿತ್ತು. ಹುಡುಗ ಅವಳಿಗೆ ಹಿಡಿಸಿದ್ದ.

ಭಾನುವಾರ ಬಂದರು. ದೊಡ್ಡಮಲ್ಲಮ್ಮ, ಪುಟ್ಟಮಾದು, ಭವ್ಯ. ಸುಂದ್ರಮ್ಮನನ್ನು ನೋಡುವ ಆಸೆಯಿಂದ ಮಲ್ಲಿಕಾರ್ಜುನಸ್ವಾಮಿಯೂ ಹಿಂದೆಯೇ ಹತ್ತಿದರು, ಮನೆ ಯಜಮಾನನಾಗಿ ಇರಬೇಕಾದ್ದು ಧರ್ಮ ಎಂದು ಹೇಳಿಕೊಂಡು. ಚಂದಕವಾಡಿಯಿಂದ ಭಾನು ಬೆಳಿಗ್ಗೆಯೇ ಬಂದು ಮನೆ ಗುಡಿಸಿ, ಕಾಫಿಗೆ ಇಟ್ಟಿದ್ದಳು.

ಶಶಿಕುಮಾರ ಬಂದವರನ್ನು ಬೆರಗುಗೊಳಿಸಬೇಕೆಂದು ಒಂದು ಏರ್ಪಾಡು ಮಾಡಿದ್ದ. ಒಳಗಿನ ಕೋಣೆಯಲ್ಲಿ ‘ಬೆಟ್ಟದ ಮಂಜು’ವನ್ನು ಸಣ್ಣ ದನಿಯಲ್ಲಿ ಹಚ್ಚಿ, ಬಾಗಿಲು ಹಾಕಿಕೊಂಡು ಬಂದು, ಎರಡೂ ಕೈಯನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲಿಟ್ಟು ಕುಳಿತ. ಎಲ್ಲರೂ ಬಾಗಿಲ ಕಡೆ ನೋಡಿದರು. ಆಮೇಲೆ ಅವನ ಕೈ ನೋಡಿದರು. ಪುಟ್ಟಮಾದು ತಾಯಿಯ ಕಿವಿಯಲ್ಲಿ, “ನಾ ಹೇಳ್ನಿಲ್ವಾ ಅವ್ವ,” ಎಂದ.

“ಕೇಳುಸ್ತಾ ಅದಾ?” ಎಂದು ಶಶಿಕುಮಾರ ಹೆಮ್ಮೆಯಿಂದ ಕೇಳಿದ.

“ಕೇಳುಸ್ತದ,” ಎಂದಳು ದೊಡ್ಡಮಲ್ಲಮ್ಮ. “ಸುಂದ್ರಮ್ಮನ ಈಚ್ಗ ಕರಿ.”

ಶಶಿಕುಮಾರನಿಗೆ ಕಣ್ಣು ತುಂಬಿಬಂತು. ತಾನು ಮಾಡಿದ ಡಬ್ಬಿಯ ಹೆಸರು ಹಂಗಳದವರೆಗೂ ಮುಟ್ಟಿದೆ! “ನಿಮಗೂ ಗೊತ್ತಾ? ತಡೀರಿ, ಈಗ್ಲೇ ತತ್ತೀನಿ,” ಎಂದು ಒಳಗೋಡಿ, ವೈರುಗಳನ್ನು ಎಳೆದುಕೊಂಡೇ ಸ್ಟೀಲ್ ಡಬ್ಬಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದು, ಮುದುಕಿಯ ಮುಂದೆ ಹಿಡಿದ. “ಇವಳೇ ಸುಂದ್ರಮ್ಮ.”

ಪುಟ್ಟಮಾದು ಕೆತ್ತಿದ್ದ ಹೆಸರನ್ನು ಓದಿದ. ಬಾಗಿಲು ತೆರೆದಿದ್ದರಿಂದ ಕೋಣೆ ಪೂರ್ತಿ ಕಾಣುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಗಿಟಾರ್ ಮಂಚದ ಮೇಲೆ ತೆಪ್ಪಗೆ ಮಲಗಿತ್ತು. ರಾಗ ಮಾತ್ರ ತನ್ನಪಾಡಿಗೆ ನಡೆದಿತ್ತು.

“ಅವ್ವ, ಗಾಳಿ!” ಎಂದು ಪುಟ್ಟಮಾದು ಕುರ್ಚಿಯ ಮೇಲೆ ಹತ್ತಿದ. “ಸತ್ತೋದೋಳ ಡಬ್ಬಿ ಒಳ್ಗ ಕೂಡಾಕವ್ನೆ! ಅದ್ಕೇ ಬೀರು ಮ್ಯಾಲೆ ಮಡುಗ್ತಾನಂತೆ!”

“ನನ್ನ ಮನೇಲಿ ದೆವ್ವಾನಾ?” ಎಂದರು ಮಲ್ಲಿಕಾರ್ಜುನಸ್ವಾಮಿ. “ಹೆಂಗಸು ಅಂತ ಸುಮ್ಮನಿದ್ದೆ. ದೆವ್ವ ಅಂದರೆ ಆಗೋದಿಲ್ಲ. ಮನೆ ಖಾಲಿ ಮಾಡಪ್ಪ.”

ಅಡುಗೆಮನೆಯಿಂದ ಓಡಿಬಂದ ಭಾನು ತನ್ನ ಸಾರಿನಪುಡಿ ಡಬ್ಬಿಯ ಹೊಟ್ಟೆಯಲ್ಲಿ ತೂತು ಕಂಡು ಹಣೆ ಹಣೆ ಚಚ್ಚಿಕೊಂಡಳು. ಶಶಿಕುಮಾರನಿಗೆ ಬೀದಿಯ ಅಭಿಮಾನ, ಎರಡು ಟೀ, ಒಂದು ಮೊಳ ಮಲ್ಲಿಗೆ, ಎಲ್ಲದರ ಅರ್ಥ ಒಟ್ಟಿಗೇ ಹೊಳೆಯಿತು. ಭವ್ಯಳ ಮುಖ ನೋಡುವ ಧೈರ್ಯವಾಗದೆ ಮುದುಕಿಗೇ ಹೇಳತೊಡಗಿದ.

“ಅಜ್ಜಿ, ಇದು ತೂಬು ಇದ್ದಂಗೆ. ಒಂದೇ ಕಾಲುವೆ ನೀರ ಎರಡು ಗದ್ದೆಗೆ ಬುಡಲ್ವಾ? ಹಂಗೆ ಗಿಟಾರ್ ಸದ್ದ ಎರಡು ಕಡೆಗೆ ಬುಡ್ತದೆ.”

“ಸರಿ.”

“ಹೋದ ವಾರ ಹಂಗೆ ಬುಟ್ಟಿದ್ದ ಎತ್ತಿ ಮಡಿಕಂಡು, ಇವತ್ತು ತಿರ್ಗ ಬುಟ್ಟಿವ್ನಿ.”

“ಹೋದ ವಾರ ಹರಿದೋದ ನೀರು ಈ ವಾರ ಅದೇ ಗದ್ದೆಗೆ ತಿರ್ಗ ಹರಿದದಾ?” ಎಂದು ದೊಡ್ಡಮಲ್ಲಮ್ಮ ಎದ್ದು ನಿಂತಳು. “ಬೇಸಾಯ ಮಾಡ್ದೋರ ಮುಂದೆ ಹೇಳೋ ಮಾತಾ ಇದು? ಏಳಮ್ಮಿ, ಹೋಗನ.”

ಭವ್ಯ ಏಳಲಿಲ್ಲ. ಅವಳು ಅಷ್ಟು ಹೊತ್ತೂ ರಾಗ ಕೇಳುತ್ತಿದ್ದಳು. ಅದು ತುದಿ ಹತ್ತಿ ‘ಟೊಯ್ಂಕ್’ ಎಂದದ್ದು ಕೇಳಿದಳು, ಮತ್ತೆ ಮೊದಲಿಂದ ಶುರುವಾಗಿ ಮತ್ತೆ ಅಲ್ಲೇ ‘ಟೊಯ್ಂಕ್’ ಎಂದದ್ದನ್ನೂ ಕೇಳಿದಳು.

“ಆ ಡಬ್ಬಿ ಕಿತ್ತಿಡಿ,” ಎಂದಳು ಶಶಿಕುಮಾರನಿಗೆ. “ಬರೀ ಗಿಟಾರ್ ತಗೊಂಡು, ಇದನ್ನೇ ನಮ್ಮೆದುರಿಗೆ ನುಡಿಸಿ.”

ಶಶಿಕುಮಾರ ಸುಂದ್ರಮ್ಮನ ವೈರುಗಳನ್ನೆಲ್ಲ ಕಿತ್ತು, ಗಿಟಾರ್ ತಂದು, ಶುರುಮಾಡಿದ. ಚೆನ್ನಾಗಿಯೇ ಹೊರಟಿತು. ಪುಟ್ಟಮಾದು ಕುರ್ಚಿಯಿಂದ ಒಂದು ಕಾಲು ಇಳಿಸಿದ. ರಾಗ ಮೇಲಕ್ಕೆ ಹತ್ತಿತು. ಎಷ್ಟೋ ದಿನದಿಂದ ಇದನ್ನೇ ಕೇಳಿ ಕೇಳಿ ಬೇಸತ್ತಿದ್ದ ಮಲ್ಲಿಕಾರ್ಜುನಸ್ವಾಮಿ ಕೈಯೆತ್ತಿ, “ಈಗ ಬರುತ್ತೆ ನೋಡಿ,” ಎಂದರು.

ಟೊಯ್ಂಕ್.

“ನೋಡಿದ್ರಾ ಅಜ್ಜಿ?” ಎಂದಳು ಭವ್ಯ. “ಹೆಂಗಸೂ ಅಲ್ಲ, ಗಾಳೀನೂ ಅಲ್ಲ. ಗಾಳಿ ಆಗಿದ್ರೆ ಇನ್ನೂ ಚೆನ್ನಾಗಿ ನುಡಿಸ್ತಿತ್ತು. ಒಳಗೆ ತಪ್ಪಿದ್ದೂ ಇವರೇ, ಇಲ್ಲಿ ತಪ್ಪಿದ್ದೂ ಇವರೇ.”

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಕಲಾವಿದನ ಅಭಿಮಾನ ಬಲು ಕೆಟ್ಟದ್ದು. ಶಶಿಕುಮಾರನ ಬಾಯಿಂದ ಅಭ್ಯಾಸಬಲದಿಂದ ಮಾತು ಜಾರಿತು.

“ನಾನು ತಪ್ಪಿಲ್ಲ. ಅದು ವೈರು...”

ದೊಡ್ಡಮಲ್ಲಮ್ಮ ತಟಕ್ಕನೆ ತಿರುಗಿದಳು. “ನೀನಲ್ವಾ? ನೀನಲ್ದೆ ಇದ್ರೆ ಇನ್ನ್ಯಾರು? ನೀನು ನುಡ್ಸುದ್ರೆ ತಾನೆ ತಪ್ಪು ನಿಂದು? ತಪ್ಪು ನಿಂದಲ್ಲ ಅಂದ್ರೆ ಒಳ್ಗ ಇನ್ನೊಬ್ರು ಅವ್ರೆ ಅಂತ್ಲೇ ಅರ್ಥ. ನೆಟ್ಟಗೆ ಹೇಳು. ಯಾರ್ದು ತಪ್ಪು?”

ಪುಟ್ಟಮಾದು ಇಳಿಸಿದ ಕಾಲನ್ನು ಮತ್ತೆ ಮೇಲಕ್ಕೆಳೆದುಕೊಂಡ. ಭಾನು ಬಾಗಿಲ ಸಂದಿಯಿಂದ ತಮ್ಮನಿಗೆ ಎರಡೂ ಕೈ ಮುಗಿದಳು. ಶಶಿಕುಮಾರ ಗಿಟಾರ್ ನೋಡಿದ, ವೈರು ನೋಡಿದ, ಸ್ವಿಚ್‌ಬೋರ್ಡ್ ನೋಡಿದ. ಎಷ್ಟು ವರ್ಷದಿಂದ ಇವರೆಲ್ಲ ಅವನ ಪರವಾಗಿ ಬೈಗುಳ ತಿಂದಿದ್ದರು! ಕೊನೆಗೆ ಭವ್ಯಳನ್ನು ನೋಡಿದ. ಅವಳು ಉಸಿರು ಹಿಡಿದು ಕುಳಿತಿದ್ದಳು. ಅವಳಿಗೂ ಈ ಸಂಬಂಧ ಕೈ ತಪ್ಪಬಾರದೆಂದಿದೆ ಎಂಬುದು ಅವನಿಗೆ ಆಗ ತಿಳಿಯಿತು.

“ತಪ್ಪು ನಂದೇ,” ಎಂದ. “ಡಬ್ಬಿದಲ್ಲ, ವೈರಿಂದಲ್ಲ, ಕರೆಂಟಿಂದೂ ಅಲ್ಲ. ಮೊದ್ಲಿಂದ್ಲೂ ನನ್ ಬೆರಳಿಂದೇ ತಪ್ಪು.”

ದೊಡ್ಡಮಲ್ಲಮ್ಮ ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ನಿಧಾನವಾಗಿ ಮತ್ತೆ ಕುಳಿತುಕೊಂಡು, ಮೊಮ್ಮಗಳ ಕೈ ಹಿಡಿದಳು.

“ನಮ್ಮಪ್ಪ ಹೇಳ್ನಿಲ್ಲ, ನನ್ ಗಂಡ ಹೇಳ್ನಿಲ್ಲ. ಇಗಾ, ಕುರ್ಚಿ ಮ್ಯಾಲೆ ನಿಂತವನಲ್ಲ ನನ್ ಮಗ, ಇವನಂತೂ ಹುಟ್ಟಿದಾಗಿಂದ ಹೇಳ್ನಿಲ್ಲ. ತಪ್ಪು ನಂದೇ ಅಂತ ಒಬ್ಬ ಗಂಡ್ಸು ಬಾಯ್ಬುಟ್ಟು ಹೇಳದ ನಾ ಇವತ್ತೇ ಕೇಳಿದ್ದು. ಇವನ ಬುಡಬ್ಯಾಡ ಕಣಮ್ಮಿ.”